ಉಡುಪಿ, ಕಾಪು, ಕಾರ್ಕಳ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಗಾಯನ ಮತ್ತು ಸೇವೆ

ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಚರಿತ್ರೆಯನ್ನು ಕುರಿತು ಬರೆದವರು ಅಚ್ಚುಕೂಟವನ್ನೂ ಶಾಲೆಯನ್ನೂ ಹಂಚಿನ ಕಾರ್ಖಾನೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಇವು ಕಣ್ಣಿಗೆ ಕಾಣುವ ಸಂಗತಿಗಳು. ಇವುಗಳಿಗೆ ಲೆಕ್ಕಪತ್ರಗಳೂ ವಾರ್ಷಿಕ ವರದಿಗಳೂ ಇವೆ. ಆದರೆ ಸಂಬಳವಿಲ್ಲದೆ, ವಾರಕ್ಕೊಮ್ಮೆ ಅಭ್ಯಾಸಕ್ಕೆ ಸೇರಿ, ಭಾನುವಾರ ಬೆಳಿಗ್ಗೆ ಆರಾಧನೆಯಲ್ಲಿ ನಿಂತು ಹಾಡಿದವರನ್ನು ಕುರಿತು ಹೆಚ್ಚಿನ ವಿಚಾರ ನಡೆದಂತೆ ತೋರುವುದಿಲ್ಲ. ಅವರ ಹಾಡಿಕೆ ಪರದೇಶದಿಂದ ಬಂದ ಅಲಂಕಾರವೆಂದೂ ನಾಡಿನ ಸಂಗೀತಕ್ಕೆ ಹೊರಗಿನದೆಂದೂ ಒಂದು ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಉಡುಪಿ, ಕಾಪು, ಕಾರ್ಕಳಗಳ ಸಭೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರನ್ನು ತಲಪಿದುದು 1834ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ. ಅಲ್ಲಿಂದ ಉತ್ತರಕ್ಕೆ 1845ರಲ್ಲಿ ಮೂಲ್ಕಿಯೂ 1854ರಲ್ಲಿ ಉಡುಪಿಯೂ ಅವರ ಠಾಣೆಗಳಾದವು. 1870ರ ದಶಕದಲ್ಲಿ ಕಾರ್ಕಳದ ಸರದಿ ಬಂದಿತು. ಮೂಲ್ಕಿಗೂ ಉಡುಪಿಗೂ ನಡುವಣ ಕರಾವಳಿಯ ದಾರಿಯ ಮೇಲೆ ಕಾಪು ಇದೆ. ಈ ದಾರಿಯುದ್ದಕ್ಕೂ ಸಣ್ಣ ಸಣ್ಣ ಸಭೆಗಳು ಹುಟ್ಟಿಕೊಂಡವು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಅವರ ಮನೆಮಾತು ತುಳು, ಶಾಲೆಯ ಮಾತು ಕನ್ನಡ, ಅವರಿಗೆ ಹಾಡು ಕಲಿಸಿದವರ ಮಾತು ಜರ್ಮನ್. ಈ ಮೂರು ಭಾಷೆಗಳ ನಡುವೆ ಹಾಡು ಯಾವ ರೂಪವನ್ನು ತಾಳಬೇಕು ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಕಲಿಸಲು ಬಂದವರು ಎಲ್ಲಿಯವರು ಎಂಬುದನ್ನು ಇಲ್ಲಿ ಗಮನಿಸಬೇಕು. ಮೋಗ್ಲಿಂಗ್, ವೈಗ್ಲೆ ಮೊದಲಾಗಿ ಆರಂಭಕಾಲದ ಮಿಶನರಿಗಳಲ್ಲಿ ಹಲವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯವರು. ಜರ್ಮನ್ ಪ್ರಾಟೆಸ್ಟಂಟರಲ್ಲಿ ಸಭೆಯೆಲ್ಲ ಕೂಡಿ ಸ್ವಭಾಷೆಯಲ್ಲಿ ಹಾಡುವ ಪದ್ಧತಿ ಲೂಥರನ ಕಾಲದಿಂದಲೂ ಇತ್ತು. ಆದರೆ ಆ ಹಾಡಿಕೆ ಒಂದೇ ಧಾಟಿಯದು. ವ್ಯೂರ್ಟೆಂಬೆರ್ಗಿನಲ್ಲಿ 1820ರ ದಶಕದಲ್ಲಿ ಕೋನ್ರಾಡ್ ಕೋಖರ್ ಎಂಬ ಸಂಗೀತಜ್ಞನು, ತರಬೇತಿ ಪಡೆದ ಕೆಲವರಷ್ಟೇ ಅಲ್ಲ, ಇಡೀ ಸಭೆಯೇ ನಾಲ್ಕು ಕಂಠಗಳಲ್ಲಿ ಹಾಡಬೇಕೆಂಬ ಪಕ್ಷವನ್ನು ಹಿಡಿದನು. ಅವನೂ ಸಿಲ್ಖರ್, ಫ್ರೆಖ್ ಎಂಬುವರೂ ಕೂಡಿ ಸಿದ್ಧಪಡಿಸಿದ ನಾಲ್ಕು ಕಂಠಗಳ ರಾಗಪುಸ್ತಕ 1828ರಲ್ಲಿ ಪ್ರಕಟವಾಯಿತು. ಮೋಗ್ಲಿಂಗ್ ಮಂಗಳೂರಿಗೆ ಬಂದುದು 1836ರಲ್ಲಿ. ಎಂದಮೇಲೆ ನಮ್ಮ ಕರಾವಳಿಗೆ ಬಂದ ಸ್ವರಮೇಳ ಯೂರೋಪಿನ ಯಾವುದೋ ಪುರಾತನ ಸಂಪ್ರದಾಯದ ಅವಶೇಷವಲ್ಲ. ಅದರ ತವರಿನಲ್ಲಿಯೇ ಇನ್ನೂ ಪ್ರಯೋಗದ ಅವಸ್ಥೆಯಲ್ಲಿದ್ದ ಹೊಸ ವಿಚಾರ. ಶ್ರೀಸಾಮಾನ್ಯನು ಹಾಡಬಲ್ಲನೇ ಎಂಬ ಪ್ರಶ್ನೆಯನ್ನು ಸ್ಟುಟ್‌ಗಾರ್ಟಿನವರೂ ಉಡುಪಿಯವರೂ ಹೆಚ್ಚು ಕಡಿಮೆ ಒಂದೇ ಶತಮಾನಾರ್ಧದಲ್ಲಿ ಎದುರಿಸಿದರೆಂದು ಹೇಳಿದರೆ ತಪ್ಪಾಗದು.

ಕನ್ನಡದಲ್ಲಿ ಈ ಧಾಟಿಗಳಿಗೆ ಮಾತನ್ನು ಹೊಂದಿಸುವುದು ಸುಲಭಸಾಧ್ಯವಾಗಿರಲಿಲ್ಲ. ಜರ್ಮನ್ ಸ್ತುತಿಗೀತೆಗಳ ಪಾದಗಳು ಅಕ್ಷರಗಳ ಎಣಿಕೆಯ ಮೇಲೆ ನಿಂತವು: ಎಂಟು, ಏಳು, ಮತ್ತೆ ಎಂಟು, ಏಳು ಎಂಬಂತೆ. ಅವುಗಳಲ್ಲಿ ಬಹಳಷ್ಟು ಪಾದಗಳು ಹಗುರವಾದ ಅಕ್ಷರದಿಂದ ಮೊದಲಾಗಿ ಎರಡನೆಯ ಅಕ್ಷರದ ಮೇಲೆ ಒತ್ತನ್ನು ಪಡೆಯುತ್ತವೆ. ಕನ್ನಡದಲ್ಲಿ ಒತ್ತು ಸಾಮಾನ್ಯವಾಗಿ ಶಬ್ದದ ಆದ್ಯಕ್ಷರದ ಮೇಲೆ ಬೀಳುವುದು. ‘ದೇವರು’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಅದನ್ನು ಅಂಥ ಪಾದದ ಮೊದಲಿಗೆ ಇಟ್ಟರೆ ಗುರುವಾದ ‘ದೇ’ ಹಗುರ ಸ್ವರದ ಮೇಲೂ ಲಘುವಾದ ‘ವ’ ಭಾರ ಸ್ವರದ ಮೇಲೂ ಕುಳಿತು, ಹಾಡುವವನ ನಾಲಿಗೆಗೂ ಕೇಳುವವನ ಕಿವಿಗೂ ಒಂದು ತೊಡಕನ್ನು ಉಂಟುಮಾಡುತ್ತವೆ. ಜರ್ಮನಿನಲ್ಲಿ ದೇವರೆಂಬ ಅರ್ಥದ ಶಬ್ದಕ್ಕೆ ಒಂದೇ ಅಕ್ಷರ. ಕನ್ನಡದಲ್ಲಿ ಮೂರು, ಸಪ್ತಮಿಯ ಪ್ರತ್ಯಯ ಸೇರಿದರೆ ನಾಲ್ಕು. ಎಂಟು ಅಕ್ಷರದ ಪಾದದಲ್ಲಿ ಅರ್ಧ ಭಾಗ ಅಲ್ಲಿಗೇ ಮುಗಿಯಿತು! ಪ್ರಾಸದ ವಿಚಾರದಲ್ಲಿಯೂ ಹಾಗೆಯೇ. ನಮ್ಮಲ್ಲಿ ಪಾದದ ಎರಡನೆಯ ಅಕ್ಷರಕ್ಕೆ ಸಲ್ಲುವ ಗೌರವ ಅವರಲ್ಲಿ ಪಾದಾಂತ್ಯಕ್ಕೆ ಸಲ್ಲುತ್ತದೆ. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದವೇ ಬರುವುದರಿಂದ ಅಂತ್ಯಪ್ರಾಸವೇನೋ ಧಾರಾಳವಾಗಿ ಸಿಕ್ಕುವುದು. ಆದರೆ ‘ನು’ಕಾರಕ್ಕೆ ‘ನು’ಕಾರ, ‘ದೆ’ಕಾರಕ್ಕೆ ‘ದೆ’ಕಾರ ಸೇರಿ ಬೇಸರ ಹುಟ್ಟುವುದೂ ಅಷ್ಟೇ ನಿಜ.

ಈ ದೋಷಗಳನ್ನು ಮಿಶನರಿಗಳು ಅರಿಯದವರಾಗಿರಲಿಲ್ಲ. ಮೋಗ್ಲಿಂಗನು 1850ರಲ್ಲಿ ಹರಿದಾಸರ ಪದಗಳನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದನು. ಕನ್ನಡದ ಪದ ಹೇಗೆ ನಡೆಯುತ್ತದೆಂಬುದು ಆ ಅಚ್ಚುಕೂಟದವರಿಗೆ ತಿಳಿದೇ ಇತ್ತು. ಈ ದಿಕ್ಕಿನಲ್ಲಿ ಮುಂದೆ ನಡೆದವನು ಕಿಟ್ಟೆಲ್. 1862ರಲ್ಲಿ ಪ್ರಕಟವಾದ ಅವನ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆ ದೇಶೀಯ ಪದ್ಯರೀತಿಯಲ್ಲಿ ನಿರೂಪಿತವಾಗಿದೆ. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದ ಈ ವಿದ್ವಾಂಸನಿಗೆ ಕನ್ನಡದ ಗಣಗಳ ನಡೆ ಪುಸ್ತಕದ ವಿದ್ಯೆ ಮಾತ್ರವಾಗಿರಲಿಲ್ಲವೆಂಬುದಕ್ಕೆ ‘ಕಥಾಮಾಲೆ’ಯೇ ಸಾಕ್ಷಿ. ಪಾಂಡಿತ್ಯದ ದೃಷ್ಟಿಯಿಂದ ನೋಡಿದರೆ ಕಿಟ್ಟೆಲನ ಮಾರ್ಗವೇ ಸರಿಯಾದುದೆನ್ನುವುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಕರಾವಳಿಯ ಸಭೆಗಳ ಭಾನುವಾರದ ಆರಾಧನೆಯಲ್ಲಿ ಬೇರೂರಿ ನಿಂತುದು ನಾಲ್ಕು ಕಂಠಗಳ ಧಾಟಿಯೇ ಹೊರತು ಅದಲ್ಲ. ಹೀಗೇಕಾಯಿತು?

ಮಿಶನರಿಗಳ ಅಧಿಕಾರವೇ ಇದಕ್ಕೆ ಕಾರಣವೆಂದು ಹೇಳಿ ಮುಗಿಸಬಹುದು. ಆ ಉತ್ತರ ಸುಳ್ಳಲ್ಲ, ಅಪೂರ್ಣ. ಅಧಿಕಾರ ಹೋದಮೇಲೂ ಪದ್ಧತಿ ಉಳಿದಿದೆಯಾದರೆ ಅದಕ್ಕೆ ಬೇರೊಂದು ಆಧಾರವಿರಲೇಬೇಕು. ದೇಶೀಯ ಕೀರ್ತನೆಗೆ ಒಬ್ಬ ಸಮರ್ಥ ಗಾಯಕ ಬೇಕು. ಉಳಿದವರು ಪಲ್ಲವಿಯನ್ನು ಎತ್ತಿಕೊಳ್ಳುವವರು, ಇಲ್ಲವೆ ಕೇಳುವವರು. ಅಂಥ ಗಾಯಕ ಇಲ್ಲದ ಊರಿನಲ್ಲಿ ಕೀರ್ತನೆ ಮೇಲೇಳುವುದು ಕಷ್ಟ. ಸ್ವರಮೇಳದಲ್ಲಿಯಾದರೋ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಪಂಕ್ತಿಗಳಲ್ಲಿ ಪ್ರತಿಯೊಬ್ಬನಿಗೂ ಸಣ್ಣದಾದ ಒಂದು ಪಾಲು ಮಾತ್ರ ಬರುವುದು. ಬಾಸ್ ಹಾಡುವವನ ಪಂಕ್ತಿಯನ್ನು ಪ್ರತ್ಯೇಕವಾಗಿ ಕೇಳಿದರೆ ಅದು ಹಾಡೆಂದೇ ತೋರದು. ಅಸಾಧಾರಣ ಶಾರೀರವಾಗಲಿ ರಾಗಜ್ಞಾನವಾಗಲಿ ಅವನಿಗೆ ಅವಶ್ಯವಲ್ಲ. ಅವಶ್ಯವಾದುದು ತನ್ನ ಪಾಲನ್ನು ಕಲಿಯುವ ತಾಳ್ಮೆ, ಅಭ್ಯಾಸಕ್ಕೆ ತಪ್ಪದೆ ಬರುವ ನಿಯಮ, ಪಕ್ಕದವನ ಕಂಠವನ್ನು ಮೀರದ ಸಂಯಮ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗದಲ್ಲಿಯೋ ಹಂಚಿನ ಆವಿಗೆಯ ಬಳಿಯಲ್ಲಿಯೋ ದುಡಿದು ಬಂದವನಿಗೂ ಇದು ಕೈಗೆಟುಕುವಂಥದು. ಆರ್ಗನ್ ವಾದ್ಯವನ್ನು ಕೊಳ್ಳಲಾರದ ಸಣ್ಣ ಸಭೆಗೆ ನಾಲ್ಕು ಕಂಠಗಳೇ ವಾದ್ಯ. ಕಲೆಯ ದೃಷ್ಟಿಯಿಂದ ದೋಷವೆನ್ನಿಸಿದ ಈ ಹಂಚಿಕೆಯೇ ಸಭೆಯ ಜೀವನಕ್ಕೆ ಅನುಕೂಲವಾಯಿತೆಂಬುದು ನಮ್ಮ ಅಭಿಪ್ರಾಯ.

ಸ್ವರಲಿಪಿಯೂ ಇದಕ್ಕೆ ಸಹಾಯಕವಾಯಿತು. ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಗಾಯಕವೃಂದಗಳಲ್ಲಿ ಬಳಕೆಗೆ ಬಂದ ಟಾನಿಕ್ ಸೋಲ್ಫಾ ಕ್ರಮವನ್ನು ಇಂಗ್ಲೆಂಡಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಕಲ್ಪಿಸಿದಳು. ಜಾನ್ ಕರ್ವೆನ್ ಎಂಬ ಪಾದ್ರಿ 1840ರ ದಶಕದಿಂದ ಅದನ್ನು ಬೆಳಸಿ ಹರಡಿದನು. ಐದು ಗೆರೆಗಳ ಲಿಪಿಯನ್ನು ಓದಲಾರದ ಕೆಲಸಗಾರರೂ ಮಕ್ಕಳೂ ಹಾಡಲೆಂಬುದೇ ಇದರ ಗುರಿ. ಇದರಲ್ಲಿ ‘ಡೋ’ ಎಂಬುದು ಗೊತ್ತಾದ ಒಂದು ಶ್ರುತಿಯಲ್ಲ. ಯಾವ ಶ್ರುತಿಯಲ್ಲಿ ಹಿಡಿದರೂ ಅದು ಆಧಾರಸ್ವರ. ನಮ್ಮ ಷಡ್ಜದ ಕಲ್ಪನೆಯೂ ಇಂಥದೇ ಆದುದರಿಂದ ಸರಿಗಮವನ್ನು ಕೇಳಿ ಬಲ್ಲವನಿಗೆ ಇದು ಅಪರಿಚಿತವೆನಿಸಲು ಕಾರಣವಿಲ್ಲ.

ತುಳುವರ ಸ್ವಂತ ಹಾಡಿಕೆಯಲ್ಲಿ ಮೇಳಕ್ಕೆ ಸ್ಥಾನವಿಲ್ಲದಿರಲಿಲ್ಲ. ನೇಜಿ ನೆಡುವಾಗ ಒಬ್ಬಳು ಕಬಿತವನ್ನು ಹೇಳಿಕೊಡುವುದು, ಗದ್ದೆಯಲ್ಲಿರುವ ಉಳಿದ ಹೆಂಗಸರು ಅದನ್ನು ಎತ್ತಿ ಹಾಡುವುದು ಈ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಮೆನ್ನರನು 1886ರಲ್ಲಿ ಪಾಡ್ದನಗಳನ್ನು ಪ್ರಕಟಿಸಿದನು. ಅದೇ ವರ್ಷ ಅವನ ತುಳು ನಿಘಂಟೂ ಹೊರಬಿದ್ದಿತು. ಹೀಗೆ ಮಿಶನರಿ ವಿದ್ವಾಂಸನ ಮೇಜಿನ ಮೇಲಿದ್ದ ಪಾಡ್ದನದ ಧಾಟಿ ಆರಾಧನೆಯ ಒಳಗೆ ಬರಲಿಲ್ಲವೇಕೆ? ಪಾಡ್ದನವೆಂದರೆ ಭೂತದ ಚರಿತ್ರೆ. ಅದರ ಧಾಟಿ ಕಿವಿಗೆ ಬಿದ್ದೊಡನೆ ಕೋಲದ ತೆಂಬರೆ ನೆನಪಾಗುವುದು. ಭೂತಾರಾಧನೆಯನ್ನು ಬಿಟ್ಟು ಬಂದವರು ಆ ನೆನಪನ್ನು ದೇವಾಲಯದಲ್ಲಿ ಬಯಸಿರಲಾರರು. ಇಲ್ಲಿ ನಿಷೇಧ ಮೇಲಿನಿಂದ ಬಂದುದೆಷ್ಟು, ಹಾಡುವವರ ಮನಸ್ಸಿನಿಂದಲೇ ಬಂದುದೆಷ್ಟು ಎಂದು ಬೇರ್ಪಡಿಸುವುದು ಕಠಿನ. ಎರಡೂ ಕೂಡಿದ್ದವೆಂದು ನಾವು ಊಹಿಸುತ್ತೇವೆ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಗ್ರೈನರ್ ಮತ್ತು ಅಮ್ಮಾನರ ಪ್ರಯತ್ನದಿಂದ ತುಳುವಿನ ಹೊಸ ಒಡಂಬಡಿಕೆ 1847ರಲ್ಲಿಯೇ ಕನ್ನಡ ಲಿಪಿಯಲ್ಲಿ ಪೂರ್ತಿಯಾಗಿ ಬಂದಿದ್ದರೂ, ಶಾಲೆ, ಉಪದೇಶಿಗಳ ಶಿಕ್ಷಣ, ಅಚ್ಚುಕೂಟ ಇವೆಲ್ಲ ಕನ್ನಡದ ಕಡೆಗೇ ವಾಲಿದುವು. ತುಳುವ ಗಾಯಕನು ತನ್ನದಲ್ಲದ ಧಾಟಿಯಲ್ಲಿ, ತನ್ನ ಮನೆಮಾತಲ್ಲದ ಭಾಷೆಯಲ್ಲಿ ಹಾಡಿದನು. ಹಾಡಿ ಹಾಡಿ ಎರಡನ್ನೂ ತನ್ನದಾಗಿಸಿಕೊಂಡನು.

ಗಾಯನ ಸಭೆಯ ಇತರ ಸೇವೆಗಳಿಂದ ಬೇರೆಯಾಗಿ ನಿಂತುದಲ್ಲ. ಗಂಟೆ ಬಾರಿಸುವುದು, ರೋಗಿಗಳನ್ನು ಕಾಣುವುದು, ಸತ್ತವರ ಮನೆಗೆ ಹೋಗಿ ಶವವನ್ನು ಹೊರುವುದು, ಅಡುಗೆಗೆ ಅಳೆದ ಅಕ್ಕಿಯಿಂದ ಹಿಡಿಯಕ್ಕಿಯನ್ನು ತೆಗೆದಿಡುವುದು, ಸುಗ್ಗಿಯ ಕಾಣಿಕೆಗಳನ್ನು ಏಲಂ ಮಾಡಿ ಹಣ ಕೂಡಿಸುವುದು, ಇವೆಲ್ಲ ಕೂಲಿಯಿಲ್ಲದ ಕೆಲಸಗಳು. ಶವಸಂಸ್ಕಾರದಲ್ಲಿ ಹಾಡುವವರೂ ಹೊರುವವರೂ ಅನೇಕವೇಳೆ ಒಬ್ಬರೇ. 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಸ್ವಿಸ್ ಮಹಿಳೆ ಉಡುಪಿಯಲ್ಲಿ ಸ್ತಾಪಿಸಿದ ಆಸ್ಪತ್ರೆಗೆ ಮುಂದೆ ಆಕೆಯ ಹೆಸರೇ ಬಂದಿತು. ಇಂಥ ಸಂಸ್ಥೆಗಳಿಗೆ ಹೆಸರಿದೆ, ವರ್ಷವಿದೆ. ಹಿಡಿಯಕ್ಕಿಯನ್ನು ಎತ್ತಿಟ್ಟವರಿಗೆ ಇವೆರಡೂ ಇಲ್ಲ.

ಆದರೆ ಈ ಸೇವೆಯನ್ನು ‘ಸ್ವಯಂಪ್ರೇರಿತ’ವೆಂದು ಕರೆಯುವಾಗ ಎಚ್ಚರಿಕೆ ಬೇಕು. ಮೂರ್ತೆಯ ಕಸುಬನ್ನು ಬಿಟ್ಟು ಬಂದ ಬಿಲ್ಲವನಿಗೆ ಜೀವನೋಪಾಯವನ್ನು ಒದಗಿಸಿದುದು ಮಿಶನಿನ ನೇಯ್ಗೆಯ ಶಾಲೆ ಮತ್ತು ಹಂಚಿನ ಕಾರ್ಖಾನೆ. ಮಲ್ಪೆಯ ಕಾರ್ಖಾನೆ 1886ರಲ್ಲಿ ಪ್ರಾರಂಭವಾಯಿತು. ಕೆಲಸ ಕೊಡುವ ಕೈಯೇ ಸಭೆಯ ಶಿಸ್ತನ್ನೂ ನೋಡಿಕೊಳ್ಳುತ್ತಿರುವಾಗ, ಅಭ್ಯಾಸಕ್ಕೆ ಬಾರದಿರುವ ಸ್ವಾತಂತ್ರ್ಯ ಎಷ್ಟಿದ್ದೀತು? ಈ ಸಂಶಯವನ್ನು ಬಗೆಹರಿಸುವ ಪರೀಕ್ಷೆ 1914ರ ಮಹಾಯುದ್ಧದೊಡನೆ ಬಂದಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ದೇಶವನ್ನು ಬಿಟ್ಟು ಹೋಗಬೇಕಾಯಿತು. ಕಾರ್ಖಾನೆಗಳು ಮಿಶನಿನ ಕೈತಪ್ಪಿ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಅನ್ನದ ಋಣವೂ ಗುರುವಿನ ಕಣ್ಣೂ ಒಮ್ಮೆಗೇ ಇಲ್ಲದಾದರೂ ಸಭೆಗಳು ಉಳಿದವು, ಹಾಡುವುದನ್ನು ನಿಲ್ಲಿಸಲಿಲ್ಲ. ಆ ಗಾಯನ ಯಾರದೆಂಬ ಪ್ರಶ್ನೆಗೆ ಈ ಘಟನೆಯೇ ನಮ್ಮ ಮಟ್ಟಿಗೆ ಸಾಕಷ್ಟು ಉತ್ತರ.

ಹೋಲಿಕೆಗಾಗಿ ಇದೇ ಸೀಮೆಯ ಕೊಂಕಣಿ ಕೆಥೋಲಿಕರತ್ತ ಒಮ್ಮೆ ನೋಡಬಹುದು. ಅವರ ಇಗರ್ಜಿಗಳು ಎಷ್ಟೋ ಹಿಂದಿನವು: ಕಲ್ಯಾಣಪುರದ ಮಿಲಾಗ್ರಿಸ್ 1678ರದು, ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರದು 1759ರದು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಅತ್ತೂರಿನ ದೇವಾಲಯ ನಾಶವಾಗಿ ಜನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. 1799ರ ಬಳಿಕ ಮರಳಿದವರು ಅದನ್ನು ಮತ್ತೆ ಕಟ್ಟಿಕೊಂಡರು. ಅಲ್ಲಿಯ ಜನವರಿಯ ಉತ್ಸವಕ್ಕೆ ಎಲ್ಲ ಮತದವರೂ ಸೇರುತ್ತಾರೆ. 2016ರಲ್ಲಿ ಅದಕ್ಕೆ ಬಸಿಲಿಕದ ಪದವಿ ದೊರೆತಿದೆ. ವಾಡೆಗಳೂ ಗುರ್ಕಾರರೂ ಉಳ್ಳ ಇವರ ವ್ಯವಸ್ಥೆಯಲ್ಲಿ ಸೇವೆಯ ಹಂಚಿಕೆ ಹಳೆಯದು. ಗಾಯನದ ಹಂಚಿಕೆ ಹಾಗಲ್ಲ. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದಷ್ಟು ಕಾಲ ಬಲ್ಲ ಕೆಲವರು ಹಾಡುವರು, ಜನ ಜಪಸರ ಹಿಡಿದು ಕೇಳುವರು. ಕೊಂಕಣಿಯ ಗೀತೆಗಳಿಗೆ ಮೆರವಣಿಗೆ ಮುಂತಾದ ಭಕ್ತಿಕ್ರಿಯೆಗಳಲ್ಲಿ ಮಾತ್ರ ಎಡೆ. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಸುಧಾರಣೆಯನ್ನು ಅಂಗೀಕರಿಸಿದ ಮೇಲೆ ಕೊಂಕಣಿ ಪೂಜೆಯ ಒಳಗೆ ಬಂದಿತು. ಬಾಸೆಲ್ ಸಭೆಗಳವರು ನೂರು ವರ್ಷ ಹಿಂದೆ ಎದುರಿಸಿದ ಪ್ರಶ್ನೆಯೇ ಹೀಗೆ ಇವರ ಪಾಲಿಗೂ ಬಂದಿತು. ಆದರೆ ಇವರಿಗೆ ಮನೆಮಾತೂ ಪೂಜೆಯ ಮಾತೂ ಒಂದೇ ಆಗುವ ಭಾಗ್ಯವಿತ್ತು, ತುಳುವರಿಗೆ ಅದು ಅಷ್ಟಾಗಿ ಒದಗಲಿಲ್ಲ.

ಮಣಿಪಾಲದ ಪ್ರವೇಶ ಈ ಚರಿತ್ರೆಯಲ್ಲಿ ತೀರ ಈಚಿನದು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಆ ಗುಡ್ಡದ ಮೇಲೆ ಹೊರನಾಡಿನ ವಿದ್ಯಾರ್ಥಿಗಳು ನೆರೆಯತೊಡಗಿ, ಇಂಗ್ಲಿಷಿನ ಹಾಡಿಗೂ ಕೇಳುವವರು ಹಾಡುವವರು ಉಂಟಾದರು. ಅಲ್ಲಿಯ ಗಾಯಕರು ಐದಾರು ವರ್ಷ ಇದ್ದು ಹೋಗುವವರು. ಕಾಪುವಿನಲ್ಲಿಯೂ ಕಾರ್ಕಳದಲ್ಲಿಯೂ ಸ್ಥಿತಿ ಬೇರೆ: ಊರಿನ ಯುವಕರೇ ಉದ್ಯೋಗಕ್ಕಾಗಿ ಮುಂಬಯಿಗೋ ಕೊಲ್ಲಿಯ ನಾಡುಗಳಿಗೋ ಹೋಗುತ್ತಾರೆ. ಹೀಗಾದಾಗ ಮೊದಲು ಬಡವಾಗುವುದು ಟೆನರ್ ಮತ್ತು ಬಾಸ್ ಪಂಕ್ತಿಗಳು. ಹೆಂಗಸರೂ ಮುದುಕರೂ ಉಳಿದ ಕಂಠಗಳನ್ನು ಹಂಚಿಕೊಳ್ಳಬೇಕಾಗುವುದು. ಕ್ರಿಸ್ಮಸ್ ಹೊತ್ತಿಗೆ ರಜೆಯಲ್ಲಿ ಮರಳಿದವರು ಹಳೆಯ ಪುಸ್ತಕವನ್ನು ತೆರೆದು, ಬಿಟ್ಟು ಹೋದ ಪಂಕ್ತಿಯನ್ನು ಹಿಡಿದು, ಮನೆಮನೆಯ ಅಂಗಳದಲ್ಲಿ ಹಾಡುತ್ತಾರೆ.