ತಲೆ ಯಾರಿಗೆ, ಬಾಲ ಯಾರಿಗೆ

ಈಗ ಮೀನಂಗಡಿಗೆ ಹೋದ್ರೆ ಮೊದ್ಲು ಕೇಳೋದೇ, "ಅಕ್ಕ, ತಲೆ ಹಾಕ್ಲಾ, ಬ್ಯಾಡ್ವಾ? ತುಂಡು ದಪ್ಪ ಇರ್ಲಾ, ತೆಳ್ಳಗಾ?" ನಮ್ಮಜ್ಜಿಯರ ಕಾಲದಲ್ಲಿ ಕಾವೇರಿ ಬಯಲಿನ ಊರುಗಳಲ್ಲಿ ಈ ಪ್ರಶ್ನೆ ಅಪರೂಪ. ಕೆರೆ, ಕಾಲುವೆ, ಗದ್ದೇಲಿ ಸಿಗ್ತಿದ್ದದ್ದು ಹೆಚ್ಚಾಗಿ ಬೆರಳುದ್ದ, ಗೇಣುದ್ದದ ಮೀನು. ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜಿ, ಹೊಟ್ಟೆ ಹಿಂಡಿ ಕಳ್ಳು ತೆಗೆದು, ಇಡಿಯಾಗೇ ಸಾರಿಗೆ ಬಿಡೋದು. ಮಿಕ್ಕಿದ್ದು ಬಿಸಿಲಿಗೆ. ಬಿಸಿಲಿಲ್ಲದ ದಿನ ಒಲೆ ಮೇಲಿನ ಹೊಗೆಗೆ. ಸಣ್ಣ ಮೀನು ತೆಳ್ಳಗಿರೋದ್ರಿಂದ ಒಳಗಿನ ನೀರು ಬೇಗ ಆರುತ್ತೆ. ದಪ್ಪ ಮೀನನ್ನ ಹಂಗೇ ಇಟ್ರೆ ಹೊರಗೆ ಒಣಗಿರುತ್ತೆ, ಮೂಳೆ ಪಕ್ಕ ಮಾತ್ರ ಹಸಿ ಉಳಿದು ಅಲ್ಲಿಂದ್ಲೇ ಕೊಳೆಯೋಕೆ ಶುರು.

ದೊಡ್ಡ ಮೀನು ಇರ್ಲೇ ಇಲ್ಲ ಅಂತಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರೋ 'ಮಾನಸೋಲ್ಲಾಸ'ದಲ್ಲಿ ಮೀನು ಹಿಡಿಯೋದಕ್ಕೇ ಒಂದು ಭಾಗ ಐತೆ, ಮೀನಿನ ಅಡಿಗೇನೂ ಐತೆ. ಅದು ಅರಮನೆ ಮಾತು ಬಿಡಿ. ನಮ್ಮಂಥ ಮನೆಗೆ ದೊಡ್ಡದು ಅಂದ್ರೆ ಕೊರವ. ಅದನ್ನ ಕೆಡದಂಗೆ ಇಡೋಕೆ ಉಪ್ಪೂ ಬೇಡ, ಬಿಸಿಲೂ ಬೇಡ. ಕೊರವ, ಚೇಳು ಮೀನು ಇವೆಲ್ಲ ಮೇಲಕ್ಕೆ ಬಂದು ಗಾಳಿ ಕುಡಿಯೋ ಜಾತಿ. ಗಡಿಗೇಲಿ ಒಂಚೂರು ನೀರು ಬಿಟ್ಟು, ಬಾಯಿ ಮುಚ್ಚಿ ಭಾರ ಹೇರಿದ್ರೆ ನಾಳೆ ನಾಡಿದ್ದಕ್ಕೂ ಜೀವಂತ. ಇದಕ್ಕಿಂತ ಒಳ್ಳೆ ಫ್ರಿಜ್ಜು ಯಾವ್ದೈತೆ ಹೇಳಿ!

ಮೀನು ತುಂಡಾಗಿ ದಿನಾ ಮನೆಗೆ ಬರೋಕೆ ಶುರುವಾಗಿದ್ದು ಕಾಟ್ಲಾ, ರೋಹು ಬಂದ ಮೇಲೆ. ಇವು ಕಾವೇರಿಯ ಹುಟ್ಟು ಮೀನಲ್ಲ, ಗಂಗೆ ಸೀಮೆಯವು. ಹರಿಯೋ ಹೊಳೇಲಿ ಮಳೆಗಾಲಕ್ಕೆ ಮೊಟ್ಟೆ ಇಡ್ತವೆ, ನಿಂತ ಕೆರೆ ನೀರಲ್ಲಿ ಇಡಲ್ಲ. ಅದಕ್ಕೇ ಮರಿಗಳನ್ನ ಹೊಳೆಯಿಂದ ಹಿಡಿದು ದೂರದೂರಕ್ಕೆ ಸಾಗಿಸಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತವರ ಜೊತೆಯವರು ಈ ಜಾತಿ ಮೀನಿಗೆ ಸೂಜಿ ಚುಚ್ಚಿ ಮೊಟ್ಟೆ ಇಡಿಸಿದ್ರು. ಆ ದಿನವನ್ನ ಈಗ್ಲೂ ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಸೂಜಿಯೊಳಗಿದ್ದ ಮದ್ದು ಬಂದಿದ್ದೆಲ್ಲಿಂದ ಗೊತ್ತಾ? ಇನ್ನೊಂದು ಮೀನಿನ ತಲೆಯಿಂದ. ತಲೆ ಒಡೆದು, ಮಿದುಳಿನ ಕೆಳಗಿರೋ ಕಾಳಿನಂಥ ಗ್ರಂಥಿ ತೆಗೆದು, ಕೆಡದಂಗೆ ಆಲ್ಕೋಹಾಲ್‌ನಲ್ಲಿಟ್ಟು, ಬೇಕಾದಾಗ ಅರೆದು ಕೊಡೋರು. ನಾವು ಸಾರಿಗೆ ಹಾಕೋ ಅದೇ ತಲೆ ಕಣ್ರೇ. ಆಮೇಲೆ ಮರಿ ಮಾಡೋ ಸರ್ಕಾರಿ ಕೇಂದ್ರಗಳು ನಮ್ಮ ರಾಜ್ಯದಲ್ಲೂ ಭದ್ರಾ, ತುಂಗಭದ್ರಾ ಅಣೆಕಟ್ಟಿನ ಹತ್ರ ಎದ್ದವು. ಕೆರೆಗಳಿಗೆ ಮರಿ ಬಿದ್ದವು, ಮೂರು ಕೆಜಿ ನಾಲ್ಕು ಕೆಜಿ ಮೀನು ಸಂತೆಗೆ ಬಂತು.

ಅಲ್ಲಿಂದ ಈಳಿಗೆ ಮಣೆ ಮುಂದೆ ಕೂತೋರಿಗೆ ಹೊಸ ಲೆಕ್ಕ ಶುರುವಾಯ್ತು. ಒಂದೇ ಮೀನಿನ ತುಂಡುಗಳು ಒಂದೇ ಥರ ತಡೆಯಲ್ಲ. ಕಾಟ್ಲಾದಲ್ಲಿ ತಲೇನೇ ತೂಕದ ಕಾಲು ಭಾಗದ ಹತ್ರ ಬರುತ್ತೆ, ಮೊದ್ಲು ಕೆಡೋದೂ ಅದೇ. ಕಿವಿರಿನ ತುಂಬ ರಕ್ತ, ಅದರಲ್ಲೇ ಕ್ರಿಮಿ ಬೆಳೆಯೋದು. ಕಿವಿರು ಕಿತ್ತು ತೊಳೆದ್ರೂ ಅವತ್ತೇ ಬೇಯಿಸಬೇಕು. ಎರಡನೇದು ಹೊಟ್ಟೆ. ಕಳ್ಳು ತೆಗೆಯೋದು ತಡವಾದ್ರೆ ಅದರೊಳಗಿನ ಜೀರ್ಣರಸ ಹೊಟ್ಟೆ ಗೋಡೇನೇ ಕರಗಿಸಿಬಿಡುತ್ತೆ, ಒತ್ತಿದ್ರೆ ಬೆರಳು ಒಳಕ್ಕೆ ಹೋಗುತ್ತೆ. ಹೊಟ್ಟೇಲಿ ಕೊಬ್ಬು ಜಾಸ್ತಿ, ರುಚಿ ಇರೋದೂ ಅದಕ್ಕೇ. ಆ ಕೊಬ್ಬು ಗಾಳಿ ತಾಗಿ, ಫ್ರೀಜರಲ್ಲಿದ್ರೂ ನಿಧಾನಕ್ಕೆ ಮುಗ್ಗು ಎಣ್ಣೆ ವಾಸನೆ ತರುತ್ತೆ. ಬೆನ್ನು ಮತ್ತೆ ಬಾಲದಲ್ಲಿ ಕೊಬ್ಬು ಕಮ್ಮಿ, ಅವು ತಡೀತವೆ. ಆದ್ರೆ ಬಾಲದ ಕಡೆ ಕವೆಗೋಲಿನಂಗೆ ಸೀಳಿದ ಸಣ್ಣ ಮುಳ್ಳುಗಳು ಒತ್ತೊತ್ತಾಗಿ ಇರ್ತವೆ. ಹೊಟ್ಟೇಲಿ ಇರೋದು ದೊಡ್ಡ ಪಕ್ಕೆ ಮುಳ್ಳು ಮಾತ್ರ, ಎಳೆದ್ರೆ ಬಂತು.

ಈಗ ಯಾರ ತಟ್ಟೆಗೆ ಯಾವ್ದು ಹೋಗ್ತಿತ್ತು ನೆನೆಸ್ಕೊಳ್ಳಿ. ನಮ್ಮ ಕಡೆ ಎಷ್ಟೋ ಮನೇಲಿ ತಲೆ ಯಜಮಾನ್ರಿಗೆ, ಹೊಟ್ಟೆ ಮತ್ತೆ ಮೊಟ್ಟೆ ಗಂಡು ಮಕ್ಕಳಿಗೆ, ಬಾಲ ಸೊಸೆಗೆ. ಬೇಗ ಕೆಡೋದನ್ನ ಮೊದ್ಲು ತಿನ್ನಿ ಅನ್ನೋ ಬುದ್ಧಿವಂತಿಕೆ ಅದು ಅಂತ ಕೆಲವು ದೊಡ್ಡವ್ವಂದ್ರು ಹೇಳ್ತಿದ್ರು. ಅರ್ಧ ನಿಜ. ಮೊದ್ಲು ಬೇಯಬೇಕಾದ್ದು ಯಾವ್ದು ಅಂತ ಮೀನು ಹೇಳುತ್ತೆ, ಯಾರು ತಿನ್ನಬೇಕು ಅಂತ ಹೇಳಲ್ಲ. ಬಾಣಂತಿ, ಹಾಲೂಡೋ ಹೆಣ್ಣು ಮಗಳು ಮುಳ್ಳು ಆರಿಸ್ತಾ ಬಾಲ ಚೀಪ್ತಿದ್ರೆ, ಕೊಬ್ಬಿನ ತುಂಡು ಜಗಲಿ ಮೇಲೆ ಕೂತೋರ ತಟ್ಟೇಲಿರ್ತಿತ್ತು. ರಾತ್ರಿ ಉಳಿದ ಸಾರು ಬೆಳಿಗ್ಗೆಗೆ ಇನ್ನೂ ರುಚಿ ಅಂತೀವಲ್ಲ, ಆ ಬೆಳಿಗ್ಗೆ ಸಾರಲ್ಲಿ ಇರ್ತಿದ್ದದ್ದೂ ಬಾಲವೇ.

ಹುಣಸೆಹುಳಿ ವಿಷಯ ಒಂದು ಮಾತು. ಕೆರೆ ಮೀನಿನ ಕೆಸರು ವಾಸನೆ ನೀರಲ್ಲಿರೋ ಪಾಚಿ, ಸೂಕ್ಷ್ಮಜೀವಿಗಳಿಂದ ಬರೋದು, ತಂಗೋದು ಕೊಬ್ಬಿನಲ್ಲಿ. ಹುಳಿ ಅದನ್ನ ಮುರಿಯುತ್ತೆ. ಅದಕ್ಕೇ ಹೊಟ್ಟೆ ತುಂಡಿಗೆ ಹುಳಿ ಮುಂದಾಗಿ ಹಾಕೋದು.

ಫ್ರೀಜರಿಗೆ ಇಡೋರು ತಲೆ, ಹೊಟ್ಟೆ ಇಡಬೇಡಿ. ಬೆನ್ನು, ಬಾಲ ಒಂದು ಹೊತ್ತಿಗೆ ಸಾಕಾಗೋವಷ್ಟು ಸಣ್ಣ ಡಬ್ಬಿಗೆ ಹಾಕಿ, ಮುಳುಗೋವಷ್ಟು ನೀರು ಬಿಟ್ಟು ಇಡಿ. ಗಾಳಿ ತಾಗಲ್ಲ, ಮಾಂಸ ನಾರಾಗಲ್ಲ. ದೊಡ್ಡ ಗಂಟು ಕಟ್ಟಿಟ್ರೆ ನಿಧಾನಕ್ಕೆ ಹೆಪ್ಪುಗಟ್ಟಿ ಒಳಗೆ ಮಂಜಿನ ಹರಳು ದಪ್ಪ ಆಗ್ತವೆ, ಕರಗಿಸಿದಾಗ ಮಾಂಸ ಹರಿದು ನೀರಾಗುತ್ತೆ. ಬಾಲದ ತುಂಡಿಗೆ ಎರಡೂ ಕಡೆ ಒತ್ತೊತ್ತಾಗಿ ಗೀರು ಹಾಕಿ ಹುರೀರಿ, ಸಣ್ಣ ಮುಳ್ಳು ಗರಿಗರಿಯಾಗಿ ಗಂಟಲಿಗೆ ಸಿಕ್ಕಲ್ಲ. ನಮ್ಮನೇಲಿ ಈಗ ಬಾಲ ಗಂಡಸರಿಗೂ ಸೇರುತ್ತೆ. ಹೊಟ್ಟೆ ತುಂಡು ಮೊದ್ಲು ಹೋಗೋದು ಬಾಣಂತಿ ತಟ್ಟೆಗೆ.