ಹಳೆಯ ಗಣಕದ ಜೀರ್ಣೋದ್ಧಾರ

ನಮ್ಮ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತ. ಗುಡಿಗೋ ಬಸದಿಗೋ ಭೂಮಿಯನ್ನು ದತ್ತಿಯಾಗಿ ಬಿಡುವಾಗ ನಿತ್ಯಪೂಜೆಗೆ, ಆಹಾರದಾನಕ್ಕೆ ಏರ್ಪಾಡು ಮಾಡುವುದರೊಡನೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೂ ದಾನಿಗಳು ವ್ಯವಸ್ಥೆ ಮಾಡುತ್ತಿದ್ದರು. ಕಟ್ಟಿದ್ದು ಒಂದು ದಿನ ಜೀರ್ಣವಾಗುತ್ತದೆ ಎಂಬ ಅರಿವು ದಾನ ಕೊಡುವ ದಿನವೇ ಅವರಿಗಿತ್ತು. ಜೀರ್ಣವಾದುದನ್ನು ಉದ್ಧರಿಸುವುದೋ, ಅದನ್ನು ಬಿಟ್ಟು ಹೊಸದನ್ನು ಕಟ್ಟುವುದೋ ಎಂಬ ಪ್ರಶ್ನೆ ಗುಡಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಅದು ನನ್ನ ಬರೆಯುವ ಮೇಜಿನ ಮೇಲೆಯೇ ಬಂದು ಕುಳಿತಾಗ ಅದರ ಕಷ್ಟ ನನಗೆ ಗೊತ್ತಾಯಿತು.

ನನ್ನ ಗಣಕಯಂತ್ರ ೨೦೧೨ರಲ್ಲಿ ಕೊಂಡದ್ದು. ಮನೆಗೆ ಬಂದಾಗ ಅದರಲ್ಲಿ ವಿಂಡೋಸ್ ೭ ಎಂಬ ಆಪರೇಟಿಂಗ್ ಸಿಸ್ಟಂ, ಎಂದರೆ ಯಂತ್ರದ ಅಂಗಾಂಗಗಳನ್ನು ನಮ್ಮ ಕೆಲಸಕ್ಕೆ ದುಡಿಸುವ ಕಾರ್ಯಾಚರಣೆ ವ್ಯವಸ್ಥೆ, ಇದ್ದಿತು. ನಾಲ್ಕು ವರ್ಷಗಳ ಮೇಲೆ ಅದರ ಜಾಗಕ್ಕೆ ವಿಂಡೋಸ್ ೧೦ ಬಂದಿತು. ಇದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಪೋಷಣೆ ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, ಎಂದರೆ ೨೦೨೬ರ ಅಕ್ಟೋಬರ್ ೧೩ರವರೆಗೆ, ಭದ್ರತೆಯ ತಿದ್ದುಪಡಿಗಳು ದೊರೆಯುವುವೆಂದು ಆಗ ಸಾರಲಾಯಿತು. ಪೋಷಣೆ ನಿಂತಿತೆಂದರೆ ಯಂತ್ರ ಮರುದಿನವೇ ನಿಂತುಹೋಗುವುದಿಲ್ಲ. ಹೊಸದಾಗಿ ಕಾಣಿಸಿಕೊಳ್ಳುವ ಕಳ್ಳಗಿಂಡಿಗಳನ್ನು ಮುಚ್ಚುವವರು ಇಲ್ಲವಾಗುತ್ತಾರೆ, ಅಷ್ಟೆ.

ಅಂಗಡಿಯವರು, "ಇದಕ್ಕೆ ದುಡ್ಡು ಹಾಕಬೇಡಿ ಸಾರ್, ಹೊಸದನ್ನೇ ತೊಗೊಳ್ಳಿ" ಎಂದರು. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ, "ದೊಡ್ಡಪ್ಪ, ಯಂತ್ರ ಗಟ್ಟಿಮುಟ್ಟಾಗಿದೆ, ಒಳಗಿನ ಸಿಸ್ಟಂ ಬದಲಾಯಿಸಿದರೆ ಸಾಕು" ಎಂದ. ಇಬ್ಬರ ಮಾತೂ ಯುಕ್ತವಾಗಿಯೇ ಕಂಡಿತು. ಇಂಥ ಪ್ರಶ್ನೆ ಎದುರಾದಾಗ ಹಿಂದಿನವರು ಏನು ಮಾಡಿದರು ಎಂದು ಹುಡುಕುವುದು ಪಾಠ ಹೇಳಿ ಬಾಳಿದ ನನ್ನಂಥವನ ಅಭ್ಯಾಸ. ಗಣಕದ ಇತಿಹಾಸ ಚಿಕ್ಕದು. ಆದರೂ ಅದರಲ್ಲಿ ಈ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.

ಮೊದಲನೆಯ ಪ್ರಸಂಗ ೧೯೬೦ರ ದಶಕದ ಅಮೆರಿಕಕ್ಕೆ ಸೇರಿದುದು. ಆಗ ಗಣಕವೆಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ಐಬಿಎಂ ಸಂಸ್ಥೆಯೊಂದೇ ಒಂದಕ್ಕೊಂದು ಹೊಂದದ ಹಲವು ಬಗೆಯ ಗಣಕಗಳನ್ನು ಮಾರುತ್ತಿದ್ದಿತು. ಚಿಕ್ಕ ಯಂತ್ರ ಸಾಲದೆ ದೊಡ್ಡದನ್ನು ತರಿಸಿದವರು, ಹಳೆಯದಕ್ಕೆಂದು ಬರೆಸಿದ್ದ ಪ್ರೋಗ್ರಾಂಗಳನ್ನು ಮತ್ತೆ ಮೊದಲಿನಿಂದ ಬರೆಸಬೇಕಾಗುತ್ತಿತ್ತು. ೧೯೬೪ರ ಏಪ್ರಿಲ್ ೭ರಂದು ಆ ಸಂಸ್ಥೆ ಸಿಸ್ಟಂ/೩೬೦ ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಕುಟುಂಬದ ಚಿಕ್ಕ ಯಂತ್ರಕ್ಕೆ ಬರೆದುದು ದೊಡ್ಡ ಯಂತ್ರದಲ್ಲಿಯೂ ನಡೆಯಬೇಕೆಂಬುದು ಅದರ ಮೂಲತತ್ತ್ವ. ಆದರೆ ೧೯೫೯ರಲ್ಲಿ ಹೊರಬಂದಿದ್ದ ೧೪೦೧ ಎಂಬ ಯಂತ್ರವನ್ನು ಆ ವೇಳೆಗೆ ಸಾವಿರಾರು ಕಚೇರಿಗಳು ನಂಬಿಕೊಂಡಿದ್ದವು. ಅವರ ಸಂಬಳದ ಪಟ್ಟಿ, ಲೆಕ್ಕಪತ್ರಗಳ ಗತಿಯೇನು? ಹೊಸ ಯಂತ್ರವೇ ಹಳೆಯ ಯಂತ್ರದ ವೇಷ ತೊಟ್ಟು ಅದರಂತೆ ನಡೆದುಕೊಳ್ಳುವ ಏರ್ಪಾಡನ್ನು ಇಂಜಿನಿಯರುಗಳು ಕಲ್ಪಿಸಿದರು. ಎಮ್ಯುಲೇಷನ್ ಎಂದು ಅದರ ಹೆಸರು. ಯಂತ್ರ ಹೋದರೂ ಅದಕ್ಕಾಗಿ ಬರೆದುದು ಹೋಗಬೇಕಾಗಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಎರಡನೆಯ ಪ್ರಸಂಗ ಇದಕ್ಕೆ ಪ್ರತಿಯಾದುದು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹಿಂದೆ ಸರಿಯಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಅವರ ಕಣ್ಣಿಗೆ ಹೆಚ್ಚು ಯಾರೂ ಬಳಸದೆ ಬಿದ್ದಿದ್ದ ಪಿಡಿಪಿ–೭ ಎಂಬ ಗಣಕ ಬಿದ್ದಿತು. ಆ ದಿನಗಳ ಎಣಿಕೆಯಲ್ಲಿಯೇ ಅದು ಹಳೆಯ ಯಂತ್ರ. ಅದರ ಮೇಲೆ ಅವರೂ ಡೆನ್ನಿಸ್ ರಿಚಿ ಮೊದಲಾದ ಜೊತೆಗಾರರೂ ಕಟ್ಟಿದ ಪುಟ್ಟ ವ್ಯವಸ್ಥೆಯೇ ಮುಂದೆ ಯೂನಿಕ್ಸ್ ಎಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ೧೯೭೩ರಲ್ಲಿ ಅದನ್ನು ಸಿ ಎಂಬ ಭಾಷೆಯಲ್ಲಿ ಮತ್ತೆ ಬರೆದುದರಿಂದ ಅದಕ್ಕೆ ಒಂದು ಯಂತ್ರದ ಹಂಗು ತಪ್ಪಿತು. ನಮ್ಮ ಕಥೆಗಳಲ್ಲಿ ಬರುವ ಪರಕಾಯಪ್ರವೇಶ ಅದಕ್ಕೆ ಸುಲಭವಾಯಿತು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಪ್ರಾರಂಭಿಸಿದ ಲಿನಕ್ಸ್ ಇದೇ ಮಾದರಿಯನ್ನು ಅನುಸರಿಸಿದುದು. ನನ್ನ ತಮ್ಮನ ಮಗ ಹೇಳಿದ ಬದಲಿ ವ್ಯವಸ್ಥೆ ಇದೇ. ಹಳೆಯ ಯಂತ್ರಕ್ಕೆ ಹೊಸ ಜೀವ ತುಂಬುವ ಕೆಲಸ ಅದರ ವಂಶದಲ್ಲಿಯೇ ಇದೆ ಎನ್ನಬೇಕು.

ಇನ್ನು ನಮ್ಮ ಮನೆಗಳಿಗೆ ಬಂದ ಗಣಕಗಳ ಮಾತು. ೧೯೯೫ರ ವಿಂಡೋಸ್ ೯೫ಕ್ಕೆ ಕನಿಷ್ಠ ನಾಲ್ಕು ಮೆಗಾಬೈಟ್ ಸ್ಮೃತಿ ಬೇಕಿತ್ತು. ೨೦೦೧ರ ಎಕ್ಸ್‌ಪಿಗೆ ಅರವತ್ತನಾಲ್ಕು. ೨೦೦೯ರ ವಿಂಡೋಸ್ ೭ಕ್ಕೆ ಒಂದು ಗಿಗಾಬೈಟ್. ೨೦೨೧ರ ವಿಂಡೋಸ್ ೧೧ಕ್ಕೆ ನಾಲ್ಕು ಗಿಗಾಬೈಟ್. ಇಪ್ಪತ್ತಾರು ವರ್ಷಗಳಲ್ಲಿ ಬೇಡಿಕೆ ಸಾವಿರ ಪಟ್ಟು ಏರಿತು. ಮೊದಲ ದಿನಗಳಲ್ಲಿ ಹೊಸ ವ್ಯವಸ್ಥೆಯ ಭಾರವನ್ನು ಹಳೆಯ ಯಂತ್ರ ಹೊರಲಾರದೆ ಕುಸಿಯುತ್ತಿದ್ದಿತು. ಯಂತ್ರವನ್ನು ಬದಲಾಯಿಸದೆ ಗತಿಯಿರಲಿಲ್ಲ. ಈಗಿನ ಸ್ಥಿತಿ ಬೇರೆ. ನನ್ನ ಯಂತ್ರದಲ್ಲಿ ನಾಲ್ಕು ಗಿಗಾಬೈಟ್ ಇದೆ. ಆದರೆ ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಏರ್ಪಾಡನ್ನೂ, ಸುಮಾರಾಗಿ ೨೦೧೭ರಿಂದ ಈಚಿನ ಸಂಸ್ಕಾರಕವನ್ನೂ ಬಯಸುತ್ತದೆ. ಗುಟ್ಟಿನ ಕೀಲಿಗಳನ್ನು ಕಾಯುವುದಕ್ಕೆ, ಯಂತ್ರ ಎಚ್ಚರಗೊಳ್ಳುವ ಹೊತ್ತಿನಲ್ಲಿಯೇ ಯಾರಾದರೂ ಕೈಯಾಡಿಸಿದ್ದರೆ ಕಂಡುಹಿಡಿಯುವುದಕ್ಕೆ ಅದು ಬೇಕೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಫಲವೇನೆಂದರೆ, ದುಡಿಯಬಲ್ಲ ಯಂತ್ರವು ವಯಸ್ಸಿನ ಕಾರಣದಿಂದಲೇ ನಿವೃತ್ತಿ ಹೊಂದಬೇಕಾಗುತ್ತದೆ. ನಿವೃತ್ತನಾದ ನನಗೆ ಅದರ ಮೇಲೆ ಸ್ವಲ್ಪ ಮರುಕ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಇಷ್ಟೇ ಆಗಿದ್ದರೆ ಇದು ಹಣದ ಲೆಕ್ಕವಾಗಿ ಮುಗಿಯುತ್ತಿತ್ತು. ಆದರೆ ನನ್ನ ಯಂತ್ರದೊಳಗೆ ಮುನ್ನೂರಕ್ಕೂ ಹೆಚ್ಚು ರಾಗಿ ಬೀಸುವ ಪದಗಳಿದ್ದವು. ೧೯೯೦ರ ದಶಕದಲ್ಲಿ ತುಮಕೂರು ಸೀಮೆಯ ಕೆಲವು ಹಳ್ಳಿಗಳಲ್ಲಿ ಅಲೆದು, ಮುದುಕಿಯರ ಬಾಯಿಂದ ಕೇಳಿ ಕ್ಯಾಸೆಟ್ಟುಗಳಲ್ಲಿ ತುಂಬಿಸಿಕೊಂಡು, ಆಮೇಲೆ ಬಿಡುವು ದೊರೆತಾಗಲೆಲ್ಲ ಗಣಕಕ್ಕೆ ಏರಿಸಿದ ಪದಗಳು ಅವು. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದವು. ಹಾಡಿದವರು ಒಬ್ಬೊಬ್ಬರಾಗಿ ಹೋದರು. ಒಂದು ಗಣಕದಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬಂದಿದ್ದ ಆ ಕಡತಗಳು ಮಾತ್ರ ಉಳಿದಿದ್ದವು. ಅವುಗಳಲ್ಲಿ ಒಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯ ಹೊಸ ಯಂತ್ರದಲ್ಲಿ ತೆರೆಸಿದೆ. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷಿನ ಅಕ್ಷರಗಳು, ಬಾಲಬಂದ ಚಿಹ್ನೆಗಳು, ಅರ್ಥವಿಲ್ಲದೆ ಸಾಲಾಗಿ ನಿಂತಿದ್ದವು. ಮುದುಕಿಯರೆಲ್ಲ ಎರಡನೆಯ ಸಲ ತೀರಿಕೊಂಡಂತೆ ನನಗನ್ನಿಸಿತು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗಣಕದಲ್ಲಿ ಕನ್ನಡ ಬೆಳೆದು ಬಂದ ಬಗೆಯನ್ನು ನೆನೆಯಬೇಕು. ಗಣಕ ಅಕ್ಷರವನ್ನು ಅರಿಯದು; ಅದು ಅರಿಯುವುದು ಸಂಖ್ಯೆಯನ್ನು. ಮೊದಮೊದಲ ಎಷ್ಟೋ ಕನ್ನಡ ತಂತ್ರಾಂಶಗಳು, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಕಡತದಲ್ಲಿಟ್ಟು, ತೆರೆಯ ಮೇಲೆ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಚಿತ್ರಿಸುತ್ತಿದ್ದವು. ಯಾವ ಸಂಖ್ಯೆಗೆ ಯಾವ ಆಕಾರ ಎಂಬುದು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಬಗೆ. ಆಯಾ ಫಾಂಟು ಇರುವವರೆಗೆ ಅದು ಕನ್ನಡ. ಇಲ್ಲದ ಕಡೆ ಗೊಂದಲ. ಸಾಧನವಿಲ್ಲದೆ ಹೀಗಾಯಿತೆನ್ನುವಂತಿಲ್ಲ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಸಂಕೇತಕ್ರಮ ೧೯೯೧ರಲ್ಲಿ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲನೆಯ ಆವೃತ್ತಿಯಲ್ಲಿ ಕನ್ನಡಕ್ಕೆ ಅದರದೇ ಆದ ೧೨೮ ಸ್ಥಾನಗಳ ಓಣಿಯೊಂದು ದೊರೆಯಿತು. ಆದರೆ ೨೦೦೧ರ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಡನೆ ಕನ್ನಡಕ್ಕೆ ಬೆಂಬಲ ಬರುವವರೆಗೆ ವಿಂಡೋಸ್ ಬಳಸುವ ನಮಗೆ ಅದು ಎಟುಕಲಿಲ್ಲ. ಆ ವೇಳೆಗೆ ನನ್ನಂಥವರ ಕೈಬೆರಳುಗಳು ಹಳೆಯ ದಾರಿಗೇ ಪಳಗಿಬಿಟ್ಟಿದ್ದವು.

ಇದು ಕನ್ನಡಕ್ಕೆ ಮಾತ್ರ ಬಂದ ಸಂಕಟವಲ್ಲ. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ಸಿದ್ಧವಾದ ಭೂಮಿಕಾಣಿಗಳ ಲೆಕ್ಕದ ಗ್ರಂಥ ಡೂಮ್ಸ್‌ಡೇ ಬುಕ್. ಅದರ ಒಂಬೈನೂರನೆಯ ವರ್ಷದ ನೆನಪಿಗೆ ಬಿಬಿಸಿ ಸಂಸ್ಥೆ ೧೯೮೬ರಲ್ಲಿ ಹೊಸದೊಂದು ಡೂಮ್ಸ್‌ಡೇಯನ್ನು ಲೇಸರ್ ತಟ್ಟೆಗಳ ಮೇಲೆ ಹೊರತಂದಿತು. ಶಾಲೆಯ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರುಗಳ ವಿವರ ಬರೆದುಕೊಟ್ಟಿದ್ದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆಯ ಮೇಲೆ ಬರೆದ ಹಳೆಯ ಗ್ರಂಥವನ್ನಾದರೋ ಇಂದಿಗೂ ಓದಬಹುದು. ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ೨೦೦೨ರಲ್ಲಿ, ನಾನು ಮೊದಲು ಹೇಳಿದ ಎಮ್ಯುಲೇಷನ್ ಉಪಾಯದಿಂದಲೇ, ಅದನ್ನು ಮತ್ತೆ ಓದುವಂತೆ ಮಾಡಿ ತೋರಿಸಿದರು.

ನಮ್ಮಲ್ಲಿಯೇ ಇದಕ್ಕಿಂತ ಹಿರಿದಾದ ನಿದರ್ಶನವಿದೆ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ ಎಂಬ ಜೈನ ಸಿದ್ಧಾಂತಗ್ರಂಥಗಳು ತಾಳೆಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದಿದ್ದವು. ಅವು ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳನ್ನು ನಾಗರಿಗೂ ಇಂದಿನ ಕನ್ನಡ ಲಿಪಿಗೂ ಪ್ರತಿಮಾಡುವ ಕೆಲಸ ಮೊದಲಾಗಿ, ಹಲವು ವರ್ಷ ನಡೆಯಿತು. ೧೯೩೯ರಲ್ಲಿ ಧವಲಾದ ಮೊದಲನೆಯ ಸಂಪುಟ ಅಚ್ಚಾಯಿತು. ಗರಿಗೆ ಎಣ್ಣೆ ಹಚ್ಚಿದವರು ಗರಿಯನ್ನು ಉಳಿಸಿದರು; ಪ್ರತಿ ಮಾಡಿದವರು ಗ್ರಂಥವನ್ನು ಉಳಿಸಿದರು. ಎರಡೂ ಬೇಕು. ಆದರೆ ಅವೆರಡೂ ಒಂದೇ ಕೆಲಸವಲ್ಲ. ಯಂತ್ರವೋ ವ್ಯವಸ್ಥೆಯೋ ಎಂದು ತರ್ಕಿಸುತ್ತಿದ್ದ ನಾನು ಗರಿಯ ಕ್ಷೇಮವನ್ನಷ್ಟೇ ಚಿಂತಿಸುತ್ತಿದ್ದೆ ಎಂಬುದು ಆಗ ಹೊಳೆಯಿತು.

ಆದುದರಿಂದ ನಾನು ಮೊದಲು ಪದಗಳನ್ನು ಯೂನಿಕೋಡಿಗೆ ಪರಿವರ್ತಿಸಿದೆ. ಪರಿವರ್ತನೆ ಮಾಡುವ ತಂತ್ರಾಂಶಗಳಿವೆ, ಕ್ಷಣಮಾತ್ರದ ಕೆಲಸ. ತಿದ್ದುವುದಕ್ಕೆ ಮೂರು ತಿಂಗಳು ಹಿಡಿಯಿತು. ಉದಾಹರಣೆಗೆ ಅರ್ಕಾವತ್ತು: ಹಳೆಯ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ಅನಂತರ ಕುಳಿತಿರುತ್ತದೆ, ಯೂನಿಕೋಡಿನಲ್ಲಿ ನಾಲಿಗೆ ನುಡಿಯುವಂತೆ ರೇಫ ಮೊದಲು ಬರಬೇಕು. ಅಲ್ಲಲ್ಲಿ ಅದು ತಪ್ಪಿತ್ತು. ದೀರ್ಘ, ಒತ್ತಕ್ಷರಗಳೂ ಅಲ್ಲಲ್ಲಿ ಜಾರಿದ್ದವು. ಶಿಷ್ಟ ಕನ್ನಡವಾಗಿದ್ದರೆ ಬಲ್ಲವರು ಯಾರಾದರೂ ಊಹಿಸಿ ತಿದ್ದಬಹುದು. ಆ ಹಳ್ಳಿಗಳ ಹೆಂಗಸರು ಬಳಸಿದ ಮಾತುಗಳನ್ನು, ಅವರು ಎಲ್ಲಿ ಎಳೆದರು ಎಲ್ಲಿ ಮೊಟಕು ಮಾಡಿದರು ಎಂಬುದನ್ನು ಅವರ ಎದುರಿಗೆ ಕುಳಿತು ಕೇಳಿದವನೇ ತಿದ್ದಬೇಕು. ಯಂತ್ರಕ್ಕೆ ವಯಸ್ಸಾಯಿತೆಂದು ಚಿಂತಿಸುತ್ತಿದ್ದ ನನಗೆ, ಸಾಕ್ಷಿಯಾದ ನನ್ನ ಕಿವಿಗೂ ವಯಸ್ಸಾಗುತ್ತಿದೆ ಎಂಬುದು ಈ ತಿಂಗಳುಗಳಲ್ಲಿ ಅರಿವಾಯಿತು. ಐದು ವರ್ಷ ತಡಮಾಡಿದ್ದರೆ ಹೊಸ ಯಂತ್ರವೂ ಹೊಸ ವ್ಯವಸ್ಥೆಯೂ ಕೂಡಿ ಏನನ್ನೂ ಮಾಡಲಾಗುತ್ತಿರಲಿಲ್ಲ.

ಆ ಕೆಲಸ ಮುಗಿದ ಮೇಲೆ ಉಳಿದ ತೀರ್ಮಾನ ಸುಲಭವಾಯಿತು. ಯಂತ್ರದ ಮೂಲಾಂಗವೇ ಕೆಟ್ಟಿದ್ದರೆ, ಒಂದೇ ವ್ಯವಸ್ಥೆಯಲ್ಲಿ ನಡೆಯುವ ತಂತ್ರಾಂಶವನ್ನು ನಮ್ಮ ವೃತ್ತಿ ಬಿಡಲಾರದಂತಿದ್ದರೆ, ಹೊಸದನ್ನು ಕೊಳ್ಳುವುದೇ ವಿವೇಕ. ಪೋಷಣೆ ತಪ್ಪಿದ ವ್ಯವಸ್ಥೆಯಿಟ್ಟುಕೊಂಡು ಬ್ಯಾಂಕಿನ ವ್ಯವಹಾರ ಮಾಡುವುದಂತೂ ಸಲ್ಲದು. ನನ್ನ ಕೆಲಸ ಓದು, ಬರಹ. ಅದಕ್ಕೆ ಹಳೆಯ ಯಂತ್ರವೇ ಸಾಕು. ಡಿಸ್ಕನ್ನು ಬದಲಾಯಿಸಿ, ಸ್ಮೃತಿಯನ್ನು ಇಮ್ಮಡಿಸಿ, ನನ್ನ ತಮ್ಮನ ಮಗ ಅದರಲ್ಲಿ ಲಿನಕ್ಸನ್ನು ನೆಲೆಗೊಳಿಸಿದ್ದಾನೆ. ಇದೂ ಶಾಶ್ವತವಲ್ಲವೆಂದು ಬಲ್ಲೆ; ಮುಂದಿನ ಜೀರ್ಣೋದ್ಧಾರಕ್ಕೆ ಈಗಲೇ ಏರ್ಪಾಡಾಗಿದೆ. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳೆಂದು ಪ್ರಸಿದ್ಧಿ. ನನ್ನಿಂದಾದದ್ದು ನಾಲ್ಕು: ಯಂತ್ರದಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ತಮ್ಮನ ಮಗನಲ್ಲಿ ಒಂದು, ಕಾಗದದ ಮೇಲೆ ಅಚ್ಚುಮಾಡಿಸಿ ಹೊಲಿಸಿದುದು ಒಂದು. ಈ ಭಾಷಣವನ್ನು ಬರೆದುದೂ ಆ ಹಳೆಯ ಯಂತ್ರದಲ್ಲಿಯೇ.