ನೀರಿಲ್ಲದೆ ಬಿಡಿಸಿದ ನಾರು

ಟಿಶ್ಯೂ ಕಾಗದವೊಂದನ್ನು ಹರಿದು, ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನವಿರಾದ ಎಳೆಗಳು ಹೊರಚಾಚಿರುತ್ತವೆ. ಪೈನ್‌ನಂತಹ ಮರದ್ದಾದರೆ ಎಳೆಯ ಉದ್ದ ಸುಮಾರು 3 ಮಿಲಿಮೀಟರ್, ಅಗಲ ಅದರ ನೂರನೇ ಒಂದು ಭಾಗದಷ್ಟು. ಇವನ್ನು ಗಂಟು ಕಟ್ಟದಂತೆ ಸಮನಾಗಿ ಹರಡುವುದು ಹೇಗೆ? ಸುಮಾರು ಎರಡು ಸಾವಿರ ವರ್ಷ ಇದಕ್ಕಿದ್ದ ಉತ್ತರ ಒಂದೇ: ನೀರು. ಕಾಗದದ ಯಂತ್ರಕ್ಕೆ ಹರಿಯುವ ದ್ರವದಲ್ಲಿ ನಾರು ಸಾಮಾನ್ಯವಾಗಿ ಶೇಕಡಾ 1ಕ್ಕೂ ಕಡಿಮೆ. ಉಳಿದ ನೀರನ್ನೆಲ್ಲ ಬಸಿದು, ಹಿಂಡಿ, ಕಾಯಿಸಿ ಓಡಿಸಬೇಕು.

1914ರಲ್ಲಿ ಅಮೆರಿಕದ ಜೇಮ್ಸ್ ಕಿಂಬರ್ಲಿ ಮತ್ತು ಅರ್ನ್ಸ್ಟ್ ಮಾಹ್ಲರ್ ಯೂರೋಪಿನಲ್ಲಿ ಮರದ ತಿರುಳಿನ ಮೆತ್ತನೆಯ ಪದರಗಳನ್ನು ಕಂಡರು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದಾದಾಗ, ಅದೇ 'ಸೆಲ್ಯುಕಾಟನ್' ಎಂಬ ಹೆಸರಿನಲ್ಲಿ ಗಾಯಗಳ ಮೇಲೆ ಕುಳಿತಿತು. ದಾದಿಯರು ಅದನ್ನು ಮುಟ್ಟಿನ ದಿನಗಳಿಗೂ ಬಳಸಿದರು. 1920ರಲ್ಲಿ 'ಕೋಟೆಕ್ಸ್' ಮಾರುಕಟ್ಟೆಗೆ ಬಂತು. ಆದರೆ ಈ ಪದರವೂ ನೀರಿನಲ್ಲೇ ಹುಟ್ಟಿದ್ದು.

ಒಣ ತಿರುಳನ್ನೇ ಹಿಂಜಬಾರದೇ? ಪಿಂಜಾರರ ಬಿಲ್ಲು ಹತ್ತಿಯನ್ನು ಅರಳಿಸುವುದನ್ನು ನೋಡಿದವರಿಗೆ ಇದು ಸುಲಭವೆನಿಸೀತು. ಹತ್ತಿಯ ಎಳೆ ಎರಡು ಮೂರು ಸೆಂಟಿಮೀಟರ್ ಉದ್ದ; ತಿರುಳಿನ ಎಳೆ ಹಿಂಜುವ ಯಂತ್ರದ ಹಲ್ಲಿಗೆ ಸಿಗದಷ್ಟು ಮೋಟು. ಇನ್ನೊಂದು ತೊಡಕೂ ಇದೆ. ತಿರುಳಿನ ಹಾಳೆ ಒಣಗುವಾಗ ಆರುವ ನೀರು ಎಳೆಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಆಗ ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳ ನಡುವೆ ಹೈಡ್ರೊಜನ್ ಬಂಧ ಏರ್ಪಡುತ್ತದೆ. ಒಂದೊಂದು ಬಂಧವೂ ದುರ್ಬಲ, ಆದರೆ ಅವು ಅಸಂಖ್ಯ. ಸುತ್ತಿಗೆ ಗಿರಣಿಯಲ್ಲಿ ಕಡಿಮೆ ಬಡಿದರೆ ಗಂಟು ಉಳಿಯುತ್ತದೆ. ಹೆಚ್ಚು ಬಡಿದರೆ ಎಳೆಯೇ ಮುರಿದು ಪುಡಿಯಾಗುತ್ತದೆ. ಹೇಗೋ ಬಿಡಿಸಿದಿರಿ ಎನ್ನಿ. ಸುರುಳಿಯಾದ ಎಳೆಗಳು ಗಾಳಿಯಲ್ಲಿ ಮತ್ತೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಗಾಳಿ ತೀರ ಒಣಗಿದ್ದರೆ ಸ್ಥಾಯೀ ವಿದ್ಯುತ್ತಿನಿಂದ ಯಂತ್ರದ ಗೋಡೆಗೇ ಅಂಟುತ್ತವೆ.

ಈ ಕಾಟವನ್ನು ಪಳಗಿಸಿದವರಲ್ಲಿ ಡೆನ್ಮಾರ್ಕಿನ ಕಾರ್ಲ್ ಕ್ರೋಯರ್ ಪ್ರಮುಖರು. 1964ರಲ್ಲಿ ಕುವೈತಿನ ಬಂದರಿನಲ್ಲಿ ಕುರಿಗಳ ಸಮೇತ ಮುಳುಗಿದ್ದ ಹಡಗಿಗೆ ಪಾಲಿಸ್ಟೈರೀನ್ ಗುಂಡುಗಳನ್ನು ತುಂಬಿ ಮೇಲೆತ್ತಿದವರೂ ಇವರೇ! ಇವರ ಉಪಾಯ ನಮ್ಮ ಅಡುಗೆಮನೆಯದು: ಜರಡಿ. ಜರಡಿಯ ಮೇಲೆ ತಿರುಗುವ ರೆಕ್ಕೆಗಳು ನಾರನ್ನು ಕಲಕುತ್ತಲೇ ಇರುತ್ತವೆ. ಬಿಡಿ ಎಳೆ ಕೆಳಗಿಳಿಯುತ್ತದೆ, ಗಂಟು ಮೇಲೆಯೇ ಉಳಿಯುತ್ತದೆ. ಕೆಳಗೆ ಚಲಿಸುವ ಬಲೆಯ ಅಡಿಯಿಂದ ಗಾಳಿಯನ್ನು ಹೀರಿದಾಗ ಎಳೆಗಳು ಹಾಸಾಗಿ ಕೂಡುತ್ತವೆ. ನೀರಿಲ್ಲದ್ದರಿಂದ ಎಳೆಗಳ ನಡುವೆ ಬಂಧ ಸಾಲದು, ಅಂಟು ಸಿಂಪಡಿಸಬೇಕು.

ತಿರುಳು ಒಣಗುವ ಮೊದಲೇ ಕೊಬ್ಬಿನಂಥ ಅಣುಗಳನ್ನು ಬೆರೆಸಿ ಬಂಧವನ್ನು ತಡೆಯುವ ದಾರಿಯೂ ಇದೆ. ಆಗ ಎಳೆಗಳು ಬೇಗ ಬಿಡುತ್ತವೆ, ಆದರೆ ನೀರು ಹೀರಲು ತಡಮಾಡುತ್ತವೆ. ಮಗುವಿನ ಡಯಾಪರಿಗೆ ಎರಡೂ ಬೇಕು. ಆದ್ದರಿಂದ ಕಾರ್ಖಾನೆಯವರು ಈ ಅಣುಗಳನ್ನು ಲೆಕ್ಕವಿಟ್ಟೇ ಬೆರೆಸುತ್ತಾರೆ, ಹಿಂಜಿದ ನಾರನ್ನು ಜರಡಿ ಹಿಡಿದು ಗಂಟುಗಳನ್ನು ತೂಗಿ ನೋಡುತ್ತಾರೆ.